ಅಳಿದ ದೇವಾಲಯದ ಸಮಾಧಿಭೂಮಿ: ಮೃತರ ಹೆಸರುಗಳನ್ನು ಎಲ್ಲಿ ಅರಸಬೇಕು?

(ಶತಮಾನೋತ್ಸವದ ಅಂಗವಾಗಿ ಜರುಗಿದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ಧರ್ಮಕೇಂದ್ರವೊಂದು ಹಬ್ಬವನ್ನು ಆಚರಿಸುವಾಗ ದೇವಾಲಯವನ್ನು ಕಟ್ಟಿಸಿದ ಗುರುಗಳನ್ನೂ ಭೂಮಿಯನ್ನು ದಾನವಿತ್ತ ಮನೆತನಗಳನ್ನೂ ಕೃತಜ್ಞತೆಯಿಂದ ಸ್ಮರಿಸುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ನಮ್ಮ ಕರಾವಳಿಯ ಕ್ರೈಸ್ತ ಚರಿತ್ರೆಯಲ್ಲಿ ನೂರು ವರ್ಷದ ದೇವಾಲಯವೆಂದರೆ ಎಳೆಯ ದೇವಾಲಯವೇ ಸರಿ. ಮಂಗಳೂರಿನ ರೊಜಾರಿಯೊ ದೇವಾಲಯದ ಆರಂಭ 1568ರದು. ಮಿಲಾಗ್ರಿಸ್ ದೇವಾಲಯದ ಆರಂಭ 1680ರದು. ಇಂದು ನಾವು ಕಾಣುವ ಕಟ್ಟಡಗಳಿಗಿಂತ ಮೊದಲು ಬೇರೆ ಕಟ್ಟಡಗಳಿದ್ದವು. ಅವುಗಳ ಒಳಗೂ ಸುತ್ತಲೂ ಸಮಾಧಿಗಳಿದ್ದವು. ದೇವಾಲಯಗಳು ಅಳಿದವು. ಮಣ್ಣಿನಲ್ಲಿ ಮಲಗಿದವರು ಮಾತ್ರ ಅಲ್ಲಿಯೇ ಉಳಿದರು. ಅವರು ಯಾರು? ಅವರ ಹೆಸರುಗಳನ್ನು ಇಂದು ಎಲ್ಲಿ ಅರಸಬೇಕು? ಸಮಿತಿಯವರು ನಮಗೆ ವಹಿಸಿಕೊಟ್ಟಿರುವ ವಿಷಯ ಇದು.

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಮೃತರಿಗಾಗಿ ಪ್ರಾರ್ಥಿಸುವುದು ನಮ್ಮ ವಿಶ್ವಾಸದ ಒಂದು ಅಂಗ. ಕ್ಲೂನಿಯ ಮಠಾಧಿಪತಿ ಸಂತ ಓದಿಲೋ ಸುಮಾರು 998ರಲ್ಲಿ ತಮ್ಮ ಮಠಗಳಲ್ಲಿ ಆರಂಭಿಸಿದ ನವೆಂಬರ್ 2ರ ಮೃತರ ಸ್ಮರಣೆಯನ್ನು ಮುಂದೆ ಇಡೀ ಧರ್ಮಸಭೆಯೇ ತನ್ನದಾಗಿ ಮಾಡಿಕೊಂಡಿತು. ಹೆಸರು ಹಿಡಿದು ಬಲಿಪೂಜೆಯನ್ನು ಒಪ್ಪಿಸುವ ಜನ ನಾವು. ಇನ್ನೊಂದು ಕಾರಣವೂ ಇದೆ. ಯಾರ ಹೆಸರೂ ತಿಳಿಯದ ಸಮಾಧಿಭೂಮಿ ಬಹುಬೇಗ ಬರಿಯ ಬಯಲಾಗುತ್ತದೆ. ಬಯಲು ಯಾರದೋ ತೋಟವಾಗುತ್ತದೆ, ರಸ್ತೆಯಾಗುತ್ತದೆ. ಇಲ್ಲಿ ಇಂಥವರು ಮಲಗಿದ್ದಾರೆ ಎಂದು ಬರಹದ ಆಧಾರದಿಂದ ಹೇಳಬಲ್ಲೆವಾದರೆ ಆ ನೆಲಕ್ಕೆ ಒಂದು ರಕ್ಷಣೆ ದೊರೆಯುತ್ತದೆ.

ನಾವು ಇಂದು ಪ್ರತಿಪಾದಿಸಬೇಕೆಂದಿರುವ ಮಾತು ಒಂದೇ. ಸಮಾಧಿಯ ದಾಖಲೆ ಸಾಮಾನ್ಯವಾಗಿ ಸಮಾಧಿಯ ಬಳಿಯಲ್ಲಿ ಇರುವುದಿಲ್ಲ. ದೇವಾಲಯ ಅಳಿದಾಗ ಅದರ ಪುಸ್ತಕ ಆ ಊರಿನ ಮೇಲಿನ ಧಾರ್ಮಿಕ ಅಧಿಕಾರ ಯಾರ ಕೈಗೆ ಹೋಯಿತೋ ಅವರ ಕಪಾಟಿಗೆ ಹೋಗುತ್ತದೆ. ಆದುದರಿಂದ ಹುಡುಕುವವರು ನೆಲವನ್ನು ಅಗೆಯುವ ಮೊದಲು ಅಧಿಕಾರ ಸಾಗಿದ ದಾರಿಯನ್ನು ಹಿಡಿದು ಹೋಗಬೇಕು.

ದೇವಾಲಯಗಳು ಅಳಿಯುವ ಬಗೆ

ದೇವಾಲಯ ಹೇಗೆ ಅಳಿಯಿತೆಂಬುದನ್ನು ಮೊದಲು ತಿಳಿಯಬೇಕು. ಪುಸ್ತಕದ ಗತಿ ಅದನ್ನೇ ಅವಲಂಬಿಸಿದೆ.

ಕೆನರಾದ ಮಹಾವಿಪತ್ತು 1784ರದು. ಟಿಪ್ಪು ಸುಲ್ತಾನನ ಆಜ್ಞೆಯಂತೆ ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಗುರುಗಳನ್ನು ಗಡೀಪಾರು ಮಾಡಲಾಯಿತು. 27 ದೇವಾಲಯಗಳು ನೆಲಸಮವಾದವೆಂದು ನಮ್ಮ ಚರಿತ್ರೆಕಾರರು ಎಣಿಸುತ್ತಾರೆ. ಮೂಡಬಿದಿರೆ ಸೀಮೆಯ ಪವಿತ್ರ ಶಿಲುಬೆಯ ದೇವಾಲಯವು ಚೌಟ ಅರಸರ ಸ್ನೇಹದಿಂದ ಉಳಿಯಿತೆಂಬುದು ಪರಂಪರೆಯ ಮಾತು. ಇಂಥ ನಾಶದಲ್ಲಿ ಕಟ್ಟಡದೊಂದಿಗೆ ಪುಸ್ತಕವೂ ಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ಸೆರೆಯಿಂದ ಬಿಡುಗಡೆಯಾದವರು ಹಿಂತಿರುಗಿ ಬಂದು ಹೊಸದಾಗಿ ದೇವಾಲಯಗಳನ್ನು ಕಟ್ಟಿಕೊಂಡರು. ನಡುವಣ 15 ವರ್ಷಗಳಲ್ಲಿ ಸೆರೆಯಲ್ಲಿ ಕಣ್ಮುಚ್ಚಿದವರ ಹೆಸರುಗಳನ್ನು ಕ್ರಮವಾಗಿ ಬರೆದಿಡಲು ಅವರ ಬಳಿ ಗುರುಗಳೇ ಇರಲಿಲ್ಲ. ಸೆರೆಯಿಂದ ಮರಳಿದ ಬಾರ್ಕೂರಿನ ಕ್ರೈಸ್ತನೊಬ್ಬ ಕನ್ನಡದಲ್ಲಿ ಬರೆದಿಟ್ಟ ಹಸ್ತಪ್ರತಿ ಆ ಕಾಲದ ಕಷ್ಟಗಳಿಗೆ ಸಾಕ್ಷಿಯಾಗಿ ಉಳಿದಿದೆ. ಆದರೆ ಅಂಥ ವೃತ್ತಾಂತವು ಮರಣಗಳ ಪುಸ್ತಕದ ಸ್ಥಾನವನ್ನು ತುಂಬಲಾರದು.

ಎರಡನೆಯ ಬಗೆ ಇದಕ್ಕಿಂತ ಶಾಂತವಾದುದು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ರೋಸರಿ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರಿನವರು ಬೇರೆಡೆ ನೆಲಸಿದರು. ಛಾವಣಿಯಿಲ್ಲದ ಗೋಡೆಗಳನ್ನು ಮಳೆಗಾಲದ ನೀರು ಸುತ್ತುವರಿಯುತ್ತದೆ. ಇಂಥಲ್ಲಿ ಊರಿನ ಜನ ಮುಂಚಿತವಾಗಿ ತಿಳಿದು ಹೊರಡುತ್ತಾರೆ. ಪೂಜಾಪಾತ್ರೆಗಳ ಜೊತೆಗೆ ಪುಸ್ತಕಗಳೂ ಹೊರಡುವ ಸಂಭವವಿರುತ್ತದೆ. ನದಿ ದಡವನ್ನು ಕೊರೆದಾಗ, ಜನ ಪೇಟೆಗೆ ವಲಸೆ ಹೋದಾಗ, ಎರಡು ಧರ್ಮಕೇಂದ್ರಗಳು ಒಂದಾದಾಗಲೂ ಹೀಗೆಯೇ. ಅವಸರದಲ್ಲಿ ಅಳಿದ ದೇವಾಲಯದ ಪುಸ್ತಕ ವಿರಳವಾಗಿ ಸಿಗುತ್ತದೆ. ನಿಧಾನವಾಗಿ ಅಳಿದುದರ ಪುಸ್ತಕ ಬಹುಮಟ್ಟಿಗೆ ಎಲ್ಲಿಯೋ ಇರುತ್ತದೆ.

ಮರಣ ಪುಸ್ತಕದ ಸ್ವರೂಪ

ನಾವು ಅರಸುತ್ತಿರುವ ಪುಸ್ತಕ ಎಂಥದು? ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹಗಳ ಪುಸ್ತಕವನ್ನು ಕಡ್ಡಾಯಗೊಳಿಸಿತು. ಜಗದ್ಗುರು ಐದನೆಯ ಪೌಲರು 1614ರಲ್ಲಿ ಪ್ರಕಟಿಸಿದ ರೋಮನ್ ವಿಧಿಗ್ರಂಥವು ಪ್ರತಿ ಧರ್ಮಕೇಂದ್ರದಲ್ಲಿ ಐದು ಪುಸ್ತಕಗಳಿರಬೇಕೆಂದು ವಿಧಿಸಿತು: ಜ್ಞಾನಸ್ನಾನ, ದೃಢೀಕರಣ, ವಿವಾಹ, ಕುಟುಂಬಗಳ ಸ್ಥಿತಿಗತಿ ಮತ್ತು ಮರಣ. ಮರಣವನ್ನು ಹೇಗೆ ಬರೆಯಬೇಕೆಂಬ ಮಾದರಿಯನ್ನೂ ಅದು ಕೊಟ್ಟಿತು. ವರ್ಷ, ತಿಂಗಳು, ದಿನ. ಮೃತನ ಹೆಸರು, ತಂದೆತಾಯಿಗಳ ಹೆಸರು, ವಯಸ್ಸು. ಯಾರ ಮನೆಯಲ್ಲಿ ಪ್ರಾಣ ಬಿಟ್ಟನು. ಯಾರಲ್ಲಿ ಪಾಪನಿವೇದನೆ ಮಾಡಿದನು. ಅಂತಿಮ ಪರಮಪ್ರಸಾದವನ್ನೂ ಅಭ್ಯಂಗವನ್ನೂ ಎಂದು ಪಡೆದನು. ಕೊನೆಯದಾಗಿ, ದೇಹವನ್ನು ಎಂದು, ಯಾವ ಸಂತರ ದೇವಾಲಯದಲ್ಲಿ ಮಣ್ಣುಮಾಡಲಾಯಿತು.

ಈ ಕೊನೆಯ ವಾಕ್ಯವೇ ಶೋಧಕನ ಕೈದೀಪ. ಮರಣವನ್ನು ಬರೆದಿಟ್ಟ ದೇವಾಲಯವೊಂದು, ದೇಹವನ್ನು ಮಣ್ಣುಮಾಡಿದ ದೇವಾಲಯ ಮತ್ತೊಂದು ಆಗಿರಬಹುದು. ಆದುದರಿಂದ ಅಳಿದ ದೇವಾಲಯದ ಪುಸ್ತಕ ಸಿಗದಿದ್ದರೂ ಉಳಿದಿರುವ ನೆರೆಯ ದೇವಾಲಯಗಳ ಮರಣ ಪುಸ್ತಕಗಳನ್ನು ಓದುತ್ತ ಹೋದರೆ ನಮ್ಮ ಸಂತರ ಹೆಸರು ಅಲ್ಲಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕಾಗಿ ಅಳಿದ ದೇವಾಲಯವು ಯಾವ ಸಂತರಿಗೆ ಅರ್ಪಿತವಾಗಿತ್ತೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಊರಿನ ಹೆಸರಿಗಿಂತ ಸಂತರ ಹೆಸರು ಈ ಪುಸ್ತಕಗಳಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಭಾಷೆಯ ತೊಡಕಿಗೆ ಹೆದರಬೇಕಾಗಿಲ್ಲ. ಹಳೆಯ ಪುಸ್ತಕಗಳು ಲತೀನಿನಲ್ಲಿಯೋ ಪೋರ್ತುಗೀಸಿನಲ್ಲಿಯೋ ಇರುತ್ತವೆ. ಆದರೆ ಒಂದೇ ಅಚ್ಚಿನ ವಾಕ್ಯಗಳು ಪುಟಪುಟಕ್ಕೂ ಮರುಕಳಿಸುತ್ತವೆ. 'ಓಬಿಯಿತ್' ಎಂದರೆ ತೀರಿಕೊಂಡನು. 'ಸೆಪುಲ್ತುಸ್' ಎಂದರೆ ಮಣ್ಣುಮಾಡಲ್ಪಟ್ಟವನು, 'ಸೆಪುಲ್ತಾ' ಎಂದರೆ ಮಣ್ಣುಮಾಡಲ್ಪಟ್ಟವಳು. ಇಂಥ ಇಪ್ಪತ್ತು ಮೂವತ್ತು ಪದಗಳನ್ನು ಕಲಿತವನು ಪುಟವನ್ನು ಓದಬಲ್ಲನು. ಹೆಚ್ಚಿನ ಎಚ್ಚರ ಬೇಕಾದುದು ಹೆಸರುಗಳಲ್ಲಿ. ಮನೆಯಲ್ಲಿ ಜುವಾಂವ್ ಎನಿಸಿಕೊಂಡವನು ಪೋರ್ತುಗೀಸ್ ಬರಹದಲ್ಲಿ ಜುವಾಂವ್‌ನಾಗಿಯೂ ಲತೀನಿನಲ್ಲಿ ಯೊವಾನ್ನೆಸ್ ಆಗಿಯೂ ಇರುತ್ತಾನೆ. ನಮ್ಮ ಬಸ್ತ್ಯಾಂವ್ ಅಲ್ಲಿ ಸೆಬಾಸ್ತಿಯಾನುಸ್. ನಮ್ಮ ಪೆದ್ರು ಅಲ್ಲಿ ಪೇತ್ರುಸ್. ನಮ್ಮ ದುಮಿಂಗ ಅಲ್ಲಿ ದೊಮಿನಿಕುಸ್. ನಮ್ಮ ಸಾಬೆಲ್‌ಬಾಯಿ ಅಲ್ಲಿ ಇಸಬೆಲ್ಲಾ. ಮನೆಯ ಹೆಸರನ್ನೇ ಹಿಡಿದು ಹುಡುಕುವವರು ತಮ್ಮ ಅಜ್ಜನ ಹೆಸರಿರುವ ಸಾಲನ್ನು ದಾಟಿಹೋಗುವುದುಂಟು.

ಅಧಿಕಾರ ಸಾಗಿದ ದಾರಿ

ಇನ್ನು ಪುಸ್ತಕ ಎಲ್ಲಿಗೆ ಹೋಯಿತೆಂಬ ಪ್ರಶ್ನೆ. ಕೆನರಾದ ಕ್ರೈಸ್ತರು ಆದಿಯಲ್ಲಿ ಗೋವೆಯ ಧರ್ಮಾಧಿಕಾರಕ್ಕೆ ಒಳಪಟ್ಟಿದ್ದರು. 1534ರಲ್ಲಿ ಧರ್ಮಪ್ರಾಂತವಾದ ಗೋವೆ 1557ರಲ್ಲಿ ಮಹಾಧರ್ಮಪ್ರಾಂತವಾಯಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ರೋಮಿನ ವಿಶ್ವಾಸ ಪ್ರಸಾರ ಸಂಘದ ಕಡೆಯಿಂದ ಬಿಷಪ್ ತೊಮಾಸ್ ದೆ ಕಾಸ್ತ್ರೊ ಅವರು ಇಲ್ಲಿಗೆ ಪ್ರೇಷಿತ ಪ್ರತಿನಿಧಿಯಾಗಿ ಬಂದರು. ಅಂದಿನಿಂದ ಗೋವೆಯ ಪದ್ರುವಾದು ಪಕ್ಷ, ರೋಮಿನ ಪ್ರಾಪಗಾಂದ ಪಕ್ಷ ಎಂಬ ಎರಡು ಅಧಿಕಾರಗಳ ಮನಸ್ತಾಪ ಬಹುಕಾಲ ನಡೆಯಿತು. 1838ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೋರಿಯವರ ಆಜ್ಞಾಪತ್ರದ ತರುವಾಯ ಕೆನರಾ ವೆರಾಪೊಲಿಯ ಪ್ರೇಷಿತ ಪ್ರತಿನಿಧಿಗಳ ಆಡಳಿತಕ್ಕೆ ಸೇರಿತು. 1845ರಲ್ಲಿ ಮಂಗಳೂರು ಅದರಿಂದ ಬೇರೆಯಾಯಿತು. ಕಾರ್ಮೆಲ್ ಸಭೆಯವರ ಬಳಿಕ 1878ರಲ್ಲಿ ಯೇಸುಸಭೆಯವರು ಮಂಗಳೂರಿನ ಹೊಣೆ ವಹಿಸಿಕೊಂಡರು. 1886ರಲ್ಲಿ ಮಂಗಳೂರು ಧರ್ಮಪ್ರಾಂತವಾಯಿತು.

ಈ ಇಸವಿಗಳ ಪಟ್ಟಿ ಶುಷ್ಕವೆಂದು ತೋರಬಹುದು. ಆದರೆ ನಮ್ಮ ಕೆಲಸಕ್ಕೆ ಇದೇ ನಕಾಶೆ. ಒಂದು ದೇವಾಲಯ 1750ರಲ್ಲಿ ಇದ್ದಿತೆಂದರೆ ಅದರ ಸುದ್ದಿಯನ್ನು ಗೋವೆಯಲ್ಲಿಯೂ ರೋಮಿನಲ್ಲಿಯೂ ಅರಸಬೇಕು. 1840ರಲ್ಲಿ ಇದ್ದಿತೆಂದರೆ ವೆರಾಪೊಲಿಯ ಕಡೆಯ ಪತ್ರಗಳನ್ನೂ ನೋಡಬೇಕು. 1838ರಿಂದ 1886ರವರೆಗಿನ ಕಾಲದಲ್ಲಿ ಕೆಲವರು ಹೊಸ ಅಧಿಕಾರವನ್ನು ಒಪ್ಪಿದರು, ಕೆಲವರು ಗೋವೆಯನ್ನೇ ನೆಚ್ಚಿದರು. ಅಂಥ ಸೀಮೆಗಳಲ್ಲಿ ಒಂದು ಪಕ್ಷದ ಪುಸ್ತಕವನ್ನು ಮಾತ್ರ ಓದಿ 'ಇಲ್ಲ' ಎಂದು ಮುಚ್ಚಿಟ್ಟರೆ ಅರ್ಧ ಊರಿನ ಮೃತರು ಕೈತಪ್ಪಿದಂತೆ.

ಧರ್ಮಪ್ರಾಂತಗಳು ವಿಭಜನೆಯಾದಾಗಲೂ ಇದೇ ನಿಯಮ. ಬೆಂಗಳೂರು 1940ರಲ್ಲಿ ಮೈಸೂರಿನಿಂದ ಬೇರೆಯಾಯಿತು. ಬೆಳಗಾವಿ 1953ರಲ್ಲಿ, ಚಿಕ್ಕಮಗಳೂರು 1963ರಲ್ಲಿ, ಕಾರವಾರ 1976ರಲ್ಲಿ, ಶಿವಮೊಗ್ಗ 1988ರಲ್ಲಿ, ಉಡುಪಿ 2012ರಲ್ಲಿ ಧರ್ಮಪ್ರಾಂತಗಳಾದವು. ಇಂದಿನ ಧರ್ಮಪ್ರಾಂತದ ಕಚೇರಿಯಲ್ಲಿ ಕಾಗದ ಇಲ್ಲವಾದರೆ ಅದರ ತಾಯಿ ಧರ್ಮಪ್ರಾಂತದ ಬಾಗಿಲನ್ನು ತಟ್ಟಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಫ್ರಾನ್ಸಿನ ವಿದೇಶ ಮಿಷನ್ ಸಂಘದವರು ದೀರ್ಘಕಾಲ ದುಡಿದುದರಿಂದ ಅವರ ಪತ್ರಗಳಿಗಾಗಿ ಪ್ಯಾರಿಸಿಗೂ ಬರೆಯಬೇಕಾಗುತ್ತದೆ.

ಇಲ್ಲಿ ಧರ್ಮಶಾಸನದ ಒಂದು ನಿಯಮ ನಮಗೆ ಬಹಳ ಸಹಾಯಕ. 1917ರಲ್ಲಿ ಘೋಷಿತವಾಗಿ 1918ರಲ್ಲಿ ಜಾರಿಗೆ ಬಂದ ಧರ್ಮಶಾಸನ ಸಂಹಿತೆಯ 470ನೆಯ ವಿಧಿಯಂತೆ, ವರ್ಷದ ಕೊನೆಯಲ್ಲಿ ಪ್ರತಿಯೊಬ್ಬ ವಿಚಾರಣಾ ಗುರುವೂ ತನ್ನ ಪುಸ್ತಕಗಳ ಅಧಿಕೃತ ಪ್ರತಿಯೊಂದನ್ನು ಬಿಷಪರ ಕಚೇರಿಗೆ ಕಳುಹಿಸಬೇಕಾಗಿತ್ತು. ಕುಟುಂಬಗಳ ಪುಸ್ತಕಕ್ಕೆ ಮಾತ್ರ ವಿನಾಯಿತಿ. ಈ ವಿಧಿ 1983ರ ಹೊಸ ಸಂಹಿತೆ ಬರುವವರೆಗೆ ಊರ್ಜಿತದಲ್ಲಿದ್ದಿತು. ಆದುದರಿಂದ 1918ರ ನಂತರದ ಮರಣ ಪುಸ್ತಕವನ್ನು ಗೆದ್ದಲು ತಿಂದಿದ್ದರೂ ನಿರಾಶರಾಗಬೇಕಾಗಿಲ್ಲ. ವರ್ಷ ವರ್ಷದ ಪ್ರತಿಗಳು ಕಚೇರಿಯ ಕಟ್ಟುಗಳಲ್ಲಿ ಇವೆಯೇ ಎಂದು ವಿನಯದಿಂದ ವಿಚಾರಿಸಬೇಕು.

ಮರಣವನ್ನು ಹೇಳುವ ಇತರ ಬರಹಗಳು

ಮರಣ ಪುಸ್ತಕವೇ ಇಲ್ಲವಾದಾಗ ಇತರ ಪುಸ್ತಕಗಳಿಂದ ಮರಣವನ್ನು ಊಹಿಸಬಹುದು. ವಿವಾಹದ ಪುಸ್ತಕದಲ್ಲಿ ವರನ ತಂದೆಯ ಹೆಸರಿನ ಹಿಂದೆ 'ಕ್ವೊಂದಾಮ್' ಎಂಬ ಪದವಿದ್ದರೆ ಆ ತಂದೆ ಆ ಹೊತ್ತಿಗೆ ತೀರಿಹೋಗಿದ್ದನೆಂದು ಅರ್ಥ. ಅದೇ ತಂದೆ ನಾಲ್ಕು ವರ್ಷ ಮೊದಲು ತನ್ನ ಕಿರಿಯ ಮಗುವಿನ ಜ್ಞಾನಸ್ನಾನದಲ್ಲಿ ಹಾಜರಿದ್ದನೆಂದು ಬರೆದಿದ್ದರೆ ಅವನ ಮರಣ ಆ ನಾಲ್ಕು ವರ್ಷಗಳ ನಡುವೆ ಸಂಭವಿಸಿದೆ. ವಿಧವೆಯ ಮರುಮದುವೆಯ ದಾಖಲೆ ಮೊದಲ ಗಂಡನ ಹೆಸರನ್ನು ಹೇಳುತ್ತದೆ. ಕುಟುಂಬಗಳ ಪುಸ್ತಕದಲ್ಲಿ ತೀರಿಕೊಂಡವರ ಹೆಸರಿನ ಪಕ್ಕದಲ್ಲಿ ಸಣ್ಣ ಶಿಲುಬೆಯ ಗುರುತು ಹಾಕಿರುವುದುಂಟು. ಇಗರ್ಜಿಯ ಜಮಾಖರ್ಚಿನ ಪುಸ್ತಕದಲ್ಲಿ ಸಮಾಧಿಯ ಶುಲ್ಕ, ಗಂಟೆಯ ಶುಲ್ಕ, ಮೇಣದ ಬತ್ತಿಯ ವೆಚ್ಚ ಕಾಣಿಸಬಹುದು. ಭಕ್ತಸಂಘಗಳ ಲೆಕ್ಕದಲ್ಲಿ ತೀರಿಕೊಂಡ ಸದಸ್ಯನಿಗಾಗಿ ಒಪ್ಪಿಸಿದ ಬಲಿಪೂಜೆಗಳ ಎಣಿಕೆ ಇರಬಹುದು. ಹಣದ ಲೆಕ್ಕವನ್ನು ಯಾರೂ ಸುಲಭವಾಗಿ ಎಸೆಯುವುದಿಲ್ಲ; ಪವಿತ್ರವೆನಿಸಿದ ಪುಸ್ತಕ ಹೋದಲ್ಲಿಯೂ ಲೆಕ್ಕದ ಪುಸ್ತಕ ಉಳಿದಿರಬಹುದು.

ಸರ್ಕಾರದ ಕಡೆಯ ದಾಖಲೆಗಳೂ ಇವೆ. ಇಲ್ಲಿಯೂ ಅಧಿಕಾರದ ದಾರಿಯನ್ನೇ ಹಿಡಿಯಬೇಕು. 1799ರಲ್ಲಿ ಬ್ರಿಟಿಷರ ಕೈಸೇರಿದ ಕೆನರಾ ಮೊದಲು ಮದರಾಸಿಗೆ ಒಳಪಟ್ಟಿತ್ತು. 1862ರಲ್ಲಿ ಉತ್ತರ ಕೆನರಾ ಮುಂಬಯಿಗೆ ಸೇರಿತು. ದಕ್ಷಿಣ ಕೆನರಾ 1956ರವರೆಗೆ ಮದರಾಸಿನೊಂದಿಗೇ ಇದ್ದಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಆದುದರಿಂದ ಕಾಸರಗೋಡಿನ ಬೇಳದಂಥ ಊರಿನವರು ಇಗರ್ಜಿಯ ಕಾಗದಕ್ಕೆ ಮಂಗಳೂರು ಧರ್ಮಪ್ರಾಂತವನ್ನೂ ಸರ್ಕಾರಿ ಕಾಗದಕ್ಕೆ ಕೇರಳವನ್ನೂ ಆಶ್ರಯಿಸಬೇಕು. ಮದರಾಸು ಆಧಿಪತ್ಯದಲ್ಲಿ 1899ರ ಜನನ ಮರಣ ನೋಂದಣಿ ಕಾನೂನು ಇದ್ದಿತು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು 1969ರದು. ಗ್ರಾಮಾಧಿಕಾರಿಗಳು ಬರೆದ ಈ ಪಟ್ಟಿಗಳು ಸಮಾಧಿಯ ಸ್ಥಳವನ್ನು ಹೇಳದಿದ್ದರೂ ಹೆಸರು ಮತ್ತು ದಿನಾಂಕವನ್ನು ದೃಢಪಡಿಸುತ್ತವೆ.

ಬ್ರಿಟಿಷ್ ಆಡಳಿತದ ಕಾಲದಲ್ಲಿ ಪಾದ್ರಿಗಳು ಕಳುಹಿಸಿದ ಸಮಾಧಿಗಳ ವರದಿಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮದರಾಸಿನದಕ್ಕೆ ಪ್ರತ್ಯೇಕ ಸರಣಿಯೇ ಇದೆ. ಅಮೆರಿಕದ ಫ್ಯಾಮಿಲಿಸರ್ಚ್ ಸಂಸ್ಥೆಯು 1719ರಿಂದ 1948ರವರೆಗಿನ ಭಾರತದ ಮರಣ ಮತ್ತು ಸಮಾಧಿಗಳ ಸೂಚಿಯೊಂದನ್ನು ಗಣಕಯಂತ್ರದಲ್ಲಿ ನೋಡಲು ಒದಗಿಸಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಯೂರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಹೆಸರುಗಳು. ದಂಡಿನ ಪ್ರದೇಶದ ಸಮಾಧಿಭೂಮಿಗೆ ಇವು ಬಹಳ ಉಪಯುಕ್ತ. ಹಳ್ಳಿಯ ಗೇಣಿದಾರ ಕ್ರೈಸ್ತನ ಹೆಸರನ್ನು ಇವುಗಳಲ್ಲಿ ನಿರೀಕ್ಷಿಸುವುದು ತರವಲ್ಲ. ಜೆ. ಜೆ. ಕಾಟನ್ ಎಂಬ ಅಧಿಕಾರಿ 1905ರಲ್ಲಿ ಪ್ರಕಟಿಸಿದ ಮದರಾಸು ಆಧಿಪತ್ಯದ ಸಮಾಧಿಶಾಸನಗಳ ಪಟ್ಟಿಯೂ ಚರಿತ್ರಾರ್ಹರೆಂದು ಎಣಿಸಲ್ಪಟ್ಟವರದು.

ಕಲ್ಲು ಮತ್ತು ಮಣ್ಣು

ಬರಹದ ದಾರಿಯನ್ನು ಹಿಡಿದ ಮೇಲೆ ನೆಲಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಸುಲಭವಾಗಿ ಸಿಗುವುದು ಮುರಕಲ್ಲು. ರಂಧ್ರಮಯವಾದ ಈ ಕಲ್ಲಿನ ಮೇಲೆ ಅಕ್ಷರ ನಿಲ್ಲುವುದಿಲ್ಲ. ಬಡವರ ಸಮಾಧಿಗೆ ಮರದ ಶಿಲುಬೆ. ಅದು ಕೆಲವು ಮಳೆಗಾಲಗಳಲ್ಲಿ ಮಣ್ಣಾಗುತ್ತದೆ. ಒಂದೇ ಗುಂಡಿಯನ್ನು ವರ್ಷಗಳ ಬಳಿಕ ಇನ್ನೊಬ್ಬರಿಗಾಗಿ ತೆರೆಯುವ ಪದ್ಧತಿಯೂ ಇದೆ. ಆದುದರಿಂದ ಕಲ್ಲುಗಳ ಎಣಿಕೆ ಮೃತರ ಎಣಿಕೆಯಲ್ಲ. ಬರಹವುಳ್ಳ ಕಲ್ಲು ಸಿಕ್ಕರೆ ಅದನ್ನು ಕಬ್ಬಿಣದ ಬ್ರಷ್ಷಿನಿಂದಲೋ ಆಮ್ಲದಿಂದಲೋ ತಿಕ್ಕಬಾರದು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ನೋಡಬೇಕು. ಬಿಸಿಲು ಬೀಳದಿದ್ದರೆ ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಿ ಛಾಯಾಚಿತ್ರ ತೆಗೆಯಬೇಕು. ಸವೆದ ಅಕ್ಷರಗಳು ನೆರಳಿನಲ್ಲಿ ಎದ್ದು ಕಾಣುತ್ತವೆ.

ಬಿಷಪ್ ದೆ ಕಾಸ್ತ್ರೊ ಅವರನ್ನೇ ನೋಡಿರಿ. ತಾವು ಕಟ್ಟಿಸಿದ ಮಿಲಾಗ್ರಿಸ್‌ನಲ್ಲಿ 1684ರಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ನೂರು ವರ್ಷಗಳ ಬಳಿಕ ಆ ದೇವಾಲಯ ನೆಲಸಮವಾಯಿತು. ಆದರೂ ಅವರ ಮರಣದ ವರ್ಷವನ್ನು ನಾವು ಬಲ್ಲೆವು. ಬಿಷಪರ ಹೆಸರು ಮಂಗಳೂರಿನಲ್ಲಿ ಮಾತ್ರವಲ್ಲದೆ ರೋಮಿನ ಕಡತಗಳಲ್ಲಿಯೂ ಇದ್ದುದೇ ಅದಕ್ಕೆ ಕಾರಣ. ಅದೇ ನೆಲದಲ್ಲಿ ಮಲಗಿದ ಸಾಮಾನ್ಯ ಭಕ್ತರ ಹೆಸರು ಒಂದೇ ಪುಸ್ತಕದಲ್ಲಿ ಇದ್ದಿತು. ಆ ಪುಸ್ತಕದೊಂದಿಗೆ ಹೋಯಿತು. ಎರಡು ಕಡೆ ಬರೆದ ಹೆಸರು ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಳೆಯ ಗೋವೆಯ ಒಂದು ನಿದರ್ಶನ

ಪರವೂರಿನ ಕಪಾಟಿನಲ್ಲಿ ಉಳಿದ ಒಂದು ಸಾಲು ಏನನ್ನು ಮಾಡಬಲ್ಲದೆಂಬುದಕ್ಕೆ ಹಳೆಯ ಗೋವೆಯ ಸಂಗತಿಯನ್ನು ಹೇಳಲೇಬೇಕು. ಜಾರ್ಜಿಯಾ ದೇಶದ ಕಾಖೇತಿಯ ರಾಣಿ ಕೇತೆವಾನ್ ತನ್ನ ಕ್ರೈಸ್ತ ವಿಶ್ವಾಸವನ್ನು ತ್ಯಜಿಸಲೊಪ್ಪದೆ 1624ರಲ್ಲಿ ಪರ್ಷಿಯಾದ ಶೀರಾಜ್ ನಗರದಲ್ಲಿ ಷಾ ಅಬ್ಬಾಸನ ಆಜ್ಞೆಯಿಂದ ಪ್ರಾಣವನ್ನಿತ್ತಳು. ಅಲ್ಲಿದ್ದ ಅಗಸ್ತೀನ್ ಸಭೆಯ ಸನ್ಯಾಸಿಗಳು ಅವಳ ಅಸ್ಥಿಗಳನ್ನು ರಹಸ್ಯವಾಗಿ ಸಂಗ್ರಹಿಸಿದರು. ಅವುಗಳ ಒಂದು ಭಾಗ 1627ರಲ್ಲಿ ಗೋವೆಗೆ ಬಂದು ಅವರ ಕೃಪಾಮಾತೆಯ ದೇವಾಲಯದ ಮಠದಲ್ಲಿ ಇರಿಸಲ್ಪಟ್ಟಿತು.

1835ರಲ್ಲಿ ಪೋರ್ತುಗೀಸ್ ಸರ್ಕಾರ ಸನ್ಯಾಸಿಗಳನ್ನು ಹೊರಹಾಕಿತು. ಪಾಳುಬಿದ್ದ ದೇವಾಲಯದ ಕಮಾನುಛಾವಣಿ 1842ರಲ್ಲಿ ಕುಸಿಯಿತು. ಅದರ ಗಂಟೆ 1871ರಲ್ಲಿ ಪಣಜಿಯ ನಿಷ್ಕಳಂಕ ಮಾತೆಯ ದೇವಾಲಯವನ್ನು ಸೇರಿತು. 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಬಿದ್ದವು. ಉಳಿದ ಅರ್ಧ ಗೋಪುರವನ್ನು ಯಾತ್ರಿಕರು ಇಂದಿಗೂ ಕಾಣುತ್ತಾರೆ. ಕಟ್ಟಡ ಹೋಯಿತು; ಆದರೆ ಅಸ್ಥಿಗಳನ್ನು ಮಠದ ಸಭಾಪ್ರಾರ್ಥನಾಲಯದ ಇಂಥ ಪಕ್ಕದ ಎರಡನೆಯ ಕಿಟಕಿಯ ಬಳಿ ಕಲ್ಲಿನ ಪೆಟ್ಟಿಗೆಯಲ್ಲಿ ಇರಿಸಲಾಗಿದೆಯೆಂಬ ಪೋರ್ತುಗೀಸ್ ಬರಹ ಉಳಿದಿತ್ತು. ಆ ಸಾಲನ್ನು ಹಿಡಿದು ಭಾರತದ ಮತ್ತು ಜಾರ್ಜಿಯಾದ ವಿದ್ವಾಂಸರು ವರ್ಷಗಟ್ಟಲೆ ಹುಡುಕಿದರು. 2004ರಲ್ಲಿ ಪುರಾತತ್ವ ಇಲಾಖೆಯವರಿಗೆ ಅಲ್ಲಿ ಅಸ್ಥಿಗಳು ದೊರೆತವು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರು ಪರೀಕ್ಷಿಸಿದಾಗ ಒಂದು ಅಸ್ಥಿಯಲ್ಲಿ ತಾವು ಹೋಲಿಸಿ ನೋಡಿದ ಸಾವಿರಾರು ಭಾರತೀಯರಲ್ಲಿ ಕಾಣದ, ಜಾರ್ಜಿಯಾದವರಲ್ಲಿ ಕಾಣುವ ವಂಶಗುರುತು ಕಂಡುಬಂದಿತು. 2021ರಲ್ಲಿ ಭಾರತ ಸರ್ಕಾರ ಅಸ್ಥಿಯ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕಾಣಿಕೆಯಾಗಿ ಅರ್ಪಿಸಿತು.

ರ‍ಾಣಿಯಲ್ಲದವರಿಗೆ ಇಂಥ ಶೋಧ ನಡೆಯುವುದಿಲ್ಲವೆಂಬುದು ನಿಜ. ಆದರೆ ಪಾಠ ಎಲ್ಲರಿಗೂ ಒಂದೇ. ಗೋಡೆ ಬಿದ್ದಿತು, ಗೋಪುರ ಸೀಳಿತು, ಗಂಟೆ ಊರು ಬಿಟ್ಟಿತು. 'ಎರಡನೆಯ ಕಿಟಕಿ' ಎಂದು ಯಾರೋ ಸನ್ಯಾಸಿ ನಿಖರವಾಗಿ ಬರೆದ ಮಾತು ಮಾತ್ರ ತನ್ನ ಕೆಲಸವನ್ನು ಮಾಡಿತು.

ಸಿಕ್ಕುದು ಮತ್ತು ಸಿಗದುದು

ಶೋಧದ ಫಲವನ್ನು ಬರೆಯುವಾಗ ಸತ್ಯನಿಷ್ಠೆ ಅಗತ್ಯ. ನಾವು ಮೂರು ಪಟ್ಟಿಗಳನ್ನು ಮಾಡಬೇಕೆಂದು ಸೂಚಿಸುತ್ತೇವೆ. ಇಂಥ ದಿನ ಇಲ್ಲಿ ಮಣ್ಣುಮಾಡಲಾಯಿತೆಂದು ಬರಹವೇ ಹೇಳುವವರು ಮೊದಲನೆಯ ಪಟ್ಟಿಯಲ್ಲಿ. ಇತರ ಬರಹಗಳಿಂದ ಊಹಿಸಬಹುದಾದವರು ಎರಡನೆಯದರಲ್ಲಿ. ಮನೆತನದ ಹಿರಿಯರು ಬಾಯಿಮಾತಿನಲ್ಲಿ ಹೇಳಿದವರು ಮೂರನೆಯದರಲ್ಲಿ. ಹೇಳಿದವರು ಯಾರು, ಎಂದು ಹೇಳಿದರು ಎಂಬುದನ್ನೂ ಬರೆಯಬೇಕು. ಮೂರನೆಯ ಪಟ್ಟಿಯ ಹೆಸರನ್ನು ಅಭಿಮಾನದ ಭರದಲ್ಲಿ ಅಮೃತಶಿಲೆಯ ಮೇಲೆ ಕೆತ್ತಿಸಬಾರದು. ಕಲ್ಲಿನ ಮೇಲೆ ಒಮ್ಮೆ ಕೆತ್ತಿದ ಊಹೆ ಮುಂದಿನ ತಲೆಮಾರಿಗೆ ಪ್ರಮಾಣವಾಗಿಬಿಡುತ್ತದೆ. ಮನೆಯ ದೇವರಪೀಠದ ಬಳಿಯಿರುವ ಹಳೆಯ ಜಪದ ಪುಸ್ತಕಗಳ ಒಳರಟ್ಟಿನಲ್ಲಿ ಅಜ್ಜಂದಿರು ಬರೆದಿಟ್ಟ ಜನನ ಮರಣಗಳ ಟಿಪ್ಪಣಿಗಳಿದ್ದರೆ ದಯವಿಟ್ಟು ತಂದು ತೋರಿಸಿರಿ. ಇಂಥ ಟಿಪ್ಪಣಿ ಬಾಯಿಮಾತನ್ನು ಬರಹದ ಮಟ್ಟಕ್ಕೆ ಏರಿಸುತ್ತದೆ.

ಎಷ್ಟು ಅರಸಿದರೂ ಸಿಗದ ಹೆಸರುಗಳೇ ಹೆಚ್ಚಾಗಿರುವುವು. ಅವರಿಗಾಗಿ ಧರ್ಮಸಭೆಯ ಬಳಿ ಉತ್ತರವಿದೆ. ನವೆಂಬರ್ 2ರ ಬಲಿಪೂಜೆ ಹೆಸರು ತಿಳಿದವರಿಗೆ ಮಾತ್ರ ಮೀಸಲಾದುದಲ್ಲ. ಹಳೆಯ ಸಮಾಧಿಭೂಮಿಯಲ್ಲಿ ಒಂದು ಶಿಲುಬೆಯನ್ನು ನೆಟ್ಟು, ಅಳಿದ ದೇವಾಲಯದ ಹೆಸರನ್ನೂ ತಿಳಿದಷ್ಟು ಇಸವಿಯನ್ನೂ ಬರೆದು, ಇಲ್ಲಿ ಮಲಗಿದ ಸಕಲ ವಿಶ್ವಾಸಿಗಳ ಸ್ಮರಣಾರ್ಥವೆಂದು ಸೇರಿಸಿದರೆ ಅದು ಸುಳ್ಳಿಲ್ಲದ ಸ್ಮಾರಕವಾಗುತ್ತದೆ.

ನಮ್ಮ ಪುಸ್ತಕದ ಹೊಣೆ

ಕೊನೆಯದಾಗಿ ನಮ್ಮ ಮನೆಯ ಮಾತು. ನೂರು ವರ್ಷಗಳ ಈ ಧರ್ಮಕೇಂದ್ರದ ಮರಣ ಪುಸ್ತಕ ಸಾಕ್ರಿಸ್ತಿಯ ಕಪಾಟಿನಲ್ಲಿದೆ. 1983ರ ಸಂಹಿತೆಯ 535ನೆಯ ವಿಧಿ ಹಳೆಯ ಪುಸ್ತಕಗಳನ್ನು ಜಾಗ್ರತೆಯಿಂದ ಕಾಪಾಡಬೇಕೆನ್ನುತ್ತದೆ. 491ನೆಯ ವಿಧಿ ಪತ್ರಾಗಾರದ ವಿವರಪಟ್ಟಿಯ ಎರಡು ಪ್ರತಿಗಳನ್ನು ಮಾಡಿ ಒಂದನ್ನು ಇಲ್ಲಿ, ಇನ್ನೊಂದನ್ನು ಧರ್ಮಪ್ರಾಂತದಲ್ಲಿ ಇರಿಸಬೇಕೆನ್ನುತ್ತದೆ. ಆದರೆ ವರ್ಷ ವರ್ಷದ ಪ್ರತಿಯನ್ನು ಕಳುಹಿಸಬೇಕೆಂಬ ಹಳೆಯ ವಿಧಿ ಹೊಸ ಸಂಹಿತೆಯಲ್ಲಿ ಇಲ್ಲ. ಹಿಂದೆ ಎರಡು ಕಡೆ ಇರುತ್ತಿದ್ದ ಹೆಸರು ಇಂದು ಒಂದೇ ಕಡೆ ಉಳಿಯುವ ಅಪಾಯ ಇದರಿಂದ ಒದಗಿದೆ. ನಮ್ಮ ತೇವದ ಹವೆ, ಗೆದ್ದಲು, ಕಾಗದವನ್ನು ತಿನ್ನುವ ಹಳೆಯ ಶಾಯಿ, ಇವು ಯಾವ ಸುಲ್ತಾನನಿಗೂ ಕಡಿಮೆಯವಲ್ಲ.

ಆದುದರಿಂದ ಸಮಿತಿಯವರಲ್ಲಿ ನಮ್ಮ ಅರಿಕೆ ಇದು. ಶತಮಾನೋತ್ಸವದ ಖರ್ಚಿನಲ್ಲಿ ಒಂದಿಷ್ಟನ್ನು ತೆಗೆದಿರಿಸಿ, ವಿಚಾರಣಾ ಗುರುಗಳ ಅಪ್ಪಣೆಯಿಂದ ಈ ಪುಸ್ತಕಗಳ ಪ್ರತಿಯೊಂದು ಪುಟದ ಛಾಯಾಪ್ರತಿಯನ್ನು ಮಾಡಿಸಿರಿ. ಹರಿದ ಹಾಳೆಗಳಿಗೆ ಅಂಟುಪಟ್ಟಿ ಹಚ್ಚಬೇಡಿರಿ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಚ್ಚಿ ಬೆಸೆಯಬೇಡಿರಿ. ಗಾಳಿಯಾಡುವ ಕಪಾಟಿನಲ್ಲಿ, ಗೋಡೆಗೆ ತಾಗದಂತೆ ಇರಿಸಿರಿ. ಒಂದು ಪ್ರತಿ ಇಲ್ಲಿರಲಿ, ಒಂದು ಧರ್ಮಪ್ರಾಂತದ ಕಚೇರಿಯಲ್ಲಿರಲಿ. ಸಮಾಧಿಭೂಮಿಯ ನಕಾಶೆಯನ್ನು ಬರೆಯಿಸಿ, ಯಾವ ಸಾಲಿನಲ್ಲಿ ಯಾರೆಂದು ಗುರುತಿಸಿರಿ. ಹಳೆಯ ದೇವಾಲಯದ ನೆಲಕ್ಕೆ ಸಂಬಂಧಿಸಿದ ಸರ್ವೇ ನಂಬ್ರಗಳನ್ನೂ ಅದರೊಂದಿಗೆ ಸೇರಿಸಿರಿ.

ಇನ್ನು ನೂರು ವರ್ಷಗಳ ಬಳಿಕ ಈ ದೇವಾಲಯ ಇಲ್ಲಿಯೇ ನಿಂತಿರಲೆಂದು ನಾವೆಲ್ಲರೂ ಪ್ರಾರ್ಥಿಸುತ್ತೇವೆ. ಆದರೆ 1750ರಲ್ಲಿ ಕೆನರಾದ ದೇವಾಲಯಗಳಲ್ಲಿ ಮೊಣಕಾಲೂರಿದವರೂ ಹಾಗೆಯೇ ಪ್ರಾರ್ಥಿಸಿದ್ದರು. ಕಟ್ಟಡದ ಆಯುಷ್ಯ ನಮ್ಮ ಕೈಯಲ್ಲಿಲ್ಲ. ಹೆಸರುಗಳನ್ನು ಎರಡು ಕಡೆ ಬರೆದಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ಅಷ್ಟನ್ನು ಮಾಡಿದರೆ ಈ ಊರಿನ ಮಣ್ಣಿನಲ್ಲಿ ವಿಶ್ರಮಿಸುವ ಪೂರ್ವಿಕರಿಗೂ ನಾಳೆ ಅವರ ಪಕ್ಕದಲ್ಲಿ ಮಲಗಲಿರುವ ನಮಗೂ ನ್ಯಾಯ ಸಲ್ಲಿಸಿದಂತಾಗುತ್ತದೆ.

ಮೃತರಾದ ಸಕಲ ವಿಶ್ವಾಸಿಗಳಿಗೂ ಪ್ರಭುವು ನಿತ್ಯ ವಿಶ್ರಾಂತಿಯನ್ನು ಅನುಗ್ರಹಿಸಲಿ.